ಕಾಲು ಕೆಳಗಿಟ್ಟಳು

ಗ್ರಿಮ್ಸ್‌ಬಿಯ ಮೀನು ಕಾರ್ಖಾನೆಯಿಂದ
ನೇರ ನನ್ನ ಸಂಜೆ ತರಗತಿಗೆ ಯೂರಾತೆ;
ಅವಳ ನೋಟ್‌ಬುಕ್ಕಿಗೂ ಐಸಿನ ವಾಸನೆ.

‘ಅವಳು ಕಾಲು ಕೆಳಗಿಟ್ಟಳು’
ಬೋರ್ಡಿನ ಮೇಲೆ ಬರೆದೆ. ಅಂದರೆ, ಜಗ್ಗಲಿಲ್ಲ.
“ಅಲ್ಲೀತನಕ ಕಾಲು ಎಲ್ಲಿತ್ತು?” ಅಂದಳು.

‘ತನ್ನ ಬಂದೂಕಿಗೇ ಅಂಟಿಕೊಂಡಳು.’
“ನನ್ನ ಹತ್ತಿರ ಚಾಕು ಮಾತ್ರ,
ಅದೂ ಕಂಪನಿಯದು.”
ನಕ್ಕೆವು. ನನಗೆ ಉತ್ತರ ಹೊಳೆಯಲಿಲ್ಲ.

ಈ ವಾರ ಮನೆ ಮಾಲೀಕನಿಗೆ ಕಾಗದ:
ಗೋಡೆಯ ಬೂಷ್ಟು, ಮೂರು ತಿಂಗಳು, ಮಗುವಿನ ಕೆಮ್ಮು.
ಮೊದಲ ಸಾಲೇ,
ಕ್ಷಮಿಸಿ, ಸುಮ್ಮನೆ ಕೇಳೋಣವೆಂದು...

ನಾನು ಕೆಂಪು ಪೆನ್ನು ಹುಡುಕುವಷ್ಟರಲ್ಲಿ
‘ಕ್ಷಮಿಸಿ’ಯನ್ನು ಹೊಡೆದುಹಾಕಿದ್ದಳು.
‘ಸುಮ್ಮನೆ’ಯ ಮೇಲೆ ಕೈ
ತುಸು ಹೊತ್ತು ತಡೆಯಿತು.

ಕೊನೆಗೆ ಉಳಿದದ್ದು:
ಶುಕ್ರವಾರದೊಳಗೆ ಸರಿ ಮಾಡಿಸಿ.

ಪೂರ್ಣವಿರಾಮವನ್ನು ಎಷ್ಟು ಒತ್ತಿದ್ದಳೆಂದರೆ
ಹಾಳೆ ತಿರುವಿದೆ,
ಕೆಳಗಿನ ಖಾಲಿ ಪುಟದಲ್ಲೂ ಅದರ ಹೆಜ್ಜೆ.