ತಾಮ್ರದ ಕಾಸು

ಎಡಗಾಲನ್ನು ಗೋಣಿತಟ್ಟಿನಲ್ಲಿ ಸುತ್ತಿ ತಂದಿದ್ದ ಚಿವೇರಿ,
ಯಾರದೋ ಸಾಮಾನನ್ನು ಒಪ್ಪಿಸಲು ಬಂದವನಂತೆ.
ಬಿಚ್ಚುವ ಮೊದಲು, ಕಿಟಕಿ ಹಾಕಲೇ ಎಂದು ಕೇಳಿದ.
ಬೇಡ, ನನಗೆ ಬೆಳಕು ಬೇಕು ಎಂದೆ.

ಹಿಮ್ಮಡಿಯಿಂದ ಮೊಣಕಾಲ ಕೆಳತನಕ
ಹೂಕೋಸಿನ ಹಾಗೆ ಗಂಟುಗಂಟು,
ಹದಿನೆಂಟು ವರ್ಷದ ಬೆಳೆ.
ಮೇಲೆ ಅಲ್ಲಲ್ಲಿ ಕರಿಚುಕ್ಕೆ,
ಮೆಣಸು ಕುಟ್ಟಿ ಉದುರಿಸಿದಂತೆ.
ಅಲ್ಲೇ ಕೆರೆಯಬೇಕು. ಬೇರೆಲ್ಲಿ ಕೆರೆದರೂ
ಸಿಗುವುದು ಬರಿಯ ನೋವು.

'ಯಾವ ಮುಳ್ಳು?'
ಅರ್ಜಿಯಲ್ಲಿ ಅದಕ್ಕೊಂದು ಖಾಲಿ ಗೆರೆ ಇದೆ.
ನಕ್ಕ. ಅಂಬುವುಂಬೆಯ ಈ ನೆಲದಲ್ಲಿ
ಯಾವ ಮುಳ್ಳು ಎಂದು ಕೇಳುವುದು
ಕಡಲಿಗೆ ಬಿದ್ದವನನ್ನು ಯಾವ ಅಲೆ ಎಂದಂತೆ.
ಬೇಲಿ ಮುಳ್ಳು, ಕಾಡು ಮುಳ್ಳು, ನೆರಳೂ ಮುಳ್ಳು.
ನೀರಿಲ್ಲದ ತಿಂಗಳುಗಳಲ್ಲಿ
ಪಾಪಾಸುಕಳ್ಳಿಯ ಮುಳ್ಳು ಸುಟ್ಟು ದನಕ್ಕೆ ತಿನ್ನಿಸಿದವನು,
ಹೋರಿಗಳ ನಾಲಿಗೆ ಕಾಪಾಡಿ
ತನ್ನ ಕಾಲು ಮರೆತವನು.

ಊರಿನ ಬಳಿ ಬೇರೆ ಕಾರಣ ಸಿದ್ಧವಿತ್ತು.
ಹಿರಿಯರ ಗೋರಿಯ ಪಕ್ಕದ ಮರ ಕಡಿದನಂತೆ,
ಮುಟ್ಟಬಾರದ್ದು ಮುಟ್ಟಿದನಂತೆ, ಫಾಡಿ ಮುರಿದನಂತೆ.
ಕಡಿದಿರಲಿಲ್ಲ.
ಹದಿನೆಂಟು ವರ್ಷ ಕೇಳಿ ಕೇಳಿ
ಕಡಿದಿದ್ದೆನೇನೋ ಎಂದು ಅವನಿಗೂ ಅನ್ನಿಸತೊಡಗಿತ್ತು.
ಮದುವೆಗೆ ಕರೆದವರು ಚಾಪೆಯ ತುದಿ ತೋರಿಸುತ್ತಿದ್ದರು.

ಗಾಜಿನ ಮೇಲೆ ಚಿಟಿಕೆ ಹೊಟ್ಟು.
ಒಂದು ಹನಿ ಕ್ಷಾರ. ಮೇಲೊಂದು ತೆಳುಗಾಜು.
ಇಪ್ಪತ್ತು ನಿಮಿಷ ಕಾಯಬೇಕು:
ಚರ್ಮ ಕರಗಿ ನೀರಾಗುತ್ತದೆ,
ಕರಗಲು ಒಪ್ಪದ್ದು ಉಳಿಯುತ್ತದೆ.
ನನ್ನ ವಿದ್ಯೆಯೆಲ್ಲ ಇಷ್ಟೇ,
ಮನುಷ್ಯನನ್ನು ಕರಗಿಸಿ ಉಳಿದದ್ದನ್ನು ನೋಡುವುದು.

ಇತ್ತು.
ದುಂಡಗೆ, ಕಂದು, ದಪ್ಪ ಅಂಚು,
ನಡುವೆ ಅಡ್ಡಗೆರೆ, ಕೆಲವಕ್ಕೆ ಅದನ್ನು ಸೀಳುವ ಇನ್ನೊಂದು.
ಇಲ್ಲಿ ಮೂರು, ಅಲ್ಲಿ ಐದು,
ಬಹಳ ಕೈ ಬದಲಾಯಿಸಿದ ತಾಮ್ರದ ಕಾಸಿನಂತೆ.
ಎದ್ದು ಅವನನ್ನು ಕೂರಿಸಿದೆ.
ಒಂದೇ ಕಣ್ಣು ಮುಚ್ಚಲು ಬಾರದೆ
ಅಂಗೈ ಅಡ್ಡ ಹಿಡಿದು ನೋಡಿದ, ಬಹಳ ಹೊತ್ತು ನೋಡಿದ.
'ಇಷ್ಟು ದುಡ್ಡಿತ್ತೇ ನನ್ನ ಹತ್ತಿರ,' ಎಂದ.

ಕುಲ ತಿಳಿಯಿತು, ಹೆಸರು ತಿಳಿಯಲಿಲ್ಲ.
ಉತ್ತರದ ಮಳೆಕಾಡಿನಲ್ಲೂ ಇದೇ ಕಾಸು ಚಲಾವಣೆ,
ಟಂಕಸಾಲೆ ಬೇರೆ.
ಕೊಳವೆಯ ಓರೆ ಅಗಾರಿನ ಮೇಲೆ ಬಿತ್ತಿದೆ.
ಸೌರಫಲಕ ಕೈಕೊಟ್ಟ ರಾತ್ರಿ
ಪೆಟ್ಟಿಗೆಗೆ ನನ್ನ ಕಂಬಳಿ ಹೊದಿಸಿದ್ದೂ ಉಂಟು,
ರೋಗಕ್ಕೆ ಚಳಿಯಾಗದಿರಲಿ ಎಂದು.
ಹತ್ತನೆಯ ದಿನ ಒಂದು ಹೆಸರುಕಾಳಿನಷ್ಟು.
ನಾಲ್ಕನೆಯ ವಾರಕ್ಕೆ ಹಸಿರು ಬೆರೆತ ಕಪ್ಪು ಮಖಮಲ್ಲು,
ಕೈಯಾಡಿಸಬೇಕು ಅನಿಸುತ್ತದೆ, ಆಡಿಸಬಾರದು.
ಮಸೂರದಡಿ ಬೀಜಕಗಳು
ಸರದ ತುದಿಗೆ ಸರ, ಕವಲೊಡೆದು ಮತ್ತೆ ಸರ,
ಎಲ್ಲೂ ಗಿಡ್ಡವಾಗದ ಸರ.
ಒಣನಾಡಿನದು. ಮುಳ್ಳಿನದು. ಇಲ್ಲಿಯದೇ.

ಕ್ಲಾಡೊಫಿಯಲೊಫೊರಾ ಕ್ಯಾರಿಯೊನಿ.
ಓದಿ ಹೇಳಿದೆ. ಎರಡು ಸಲ ಹೇಳಿಸಿಕೊಂಡ.
ಹೆಸರು ಉದ್ದವಾಯಿತು ಎಂದೆ, ನನ್ನದೇ ತಪ್ಪೆಂಬಂತೆ.
ಓದು ಬಾರದವನು ಅದನ್ನು ಬೆರಳಿನಿಂದ ಅಳೆದ,
ಆಮೇಲೆ ನನ್ನ ಎದೆಯ ಮೇಲಿನ ಚೀಟಿಯನ್ನು ಕಣ್ಣಳತೆಯಲ್ಲಿ.
ರಸುವಾನಂತೆನಾಯಿನಾರಿವೇಲು, ಗುಡ್ಡನಾಡಿನವಳು ನಾನು.
'ನಿಮ್ಮಷ್ಟು ಉದ್ದವಿಲ್ಲ ಬಿಡಿ.'

ಮಾತ್ರೆ ಒಂದು ವರ್ಷ, ರಾಜಧಾನಿಯಿಂದ ಬಂದರೆ.
ಬಂದರೆ ವಾಸಿಯಾಗಬಹುದು,
ಆಗದೆಯೂ ಇರಬಹುದು. ಅದನ್ನೂ ಹೇಳಿದೆ.
ತಲೆಯಾಡಿಸಿದ. ಅವನು ಕೇಳಿದ್ದು ಅದಲ್ಲ.
ಚೀಟಿಯ ಇನ್ನೊಂದು ಪ್ರತಿ ಬೇಕಂತೆ, ಮೊಹರು ಸಮೇತ.
ಮಗಳು ಶಾಲೆಗೆ ಹೋಗುತ್ತಾಳೆ,
ಚಾಪೆಯ ತುದಿ ತೋರಿಸಿದವರ ಮುಂದೆ
ನಿಂತು ಓದುತ್ತಾಳೆ.

ಮೊಹರಿನ ಮಸಿ ಒಣಗಿತ್ತು.
ಬಾಯಿಂದ ಹಬೆ ಊದಿ ಒತ್ತಿದೆ.
ದುಂಡಗೆ ಬಿತ್ತು, ಕಂದಾಗಿ,
ಅಂಚು ತುಸು ದಪ್ಪ.