ಸದ್ದಿಲ್ಲದ ಅಕ್ಷರ

ಹಲ್ ಬಂದರು, ಹೆಸಲ್ ರಸ್ತೆ, ಲೈಬ್ರರಿಯ ಮಹಡಿ.
ಮಂಗಳವಾರ ಸಂಜೆ ಏಳಕ್ಕೆ
ಎಪ್ಪತ್ತು ದಾಟಿದ ಕ್ಲಿಫರ್ಡ್ ಗಾರ್ಬಟ್
ಅಕ್ಷರಾಭ್ಯಾಸಕ್ಕೆ ಕೂತ.

ಮೊದಲ ಪೆಟ್ಟು ಅಲ್ಲೇ ಬಿತ್ತು.
ಬಾಲ್ಯದಿಂದ ಬಲ್ಲ ಮುಖಗಳು, ಪಿ, ಎಚ್, ಸಿ, ಬಿ,
ಕರೆದರೆ ತಿರುಗಿ ನೋಡುವುದಿಲ್ಲ.
ಪಿ ಅಂದುಕೊಂಡದ್ದು ರ. ಎಚ್ ಅಂದುಕೊಂಡದ್ದು ನ.
ಹಲಗೆಯ ಮೇಲಿನ ಪದವನ್ನು ಅವನು
ಪೆಕ್ಟೋಪಾ ಎಂದು ಗಟ್ಟಿಯಾಗಿ ಓದಿದ,
ಹೊಟ್ಟೆನೋವಿನ ಔಷಧಿಯೇನೋ ಎಂಬಂತೆ.
ಅದು ರೆಸ್ಟೊರಾನ್, ಅಂದರು ರಾಯಿಸಾ ಲ್ವೋವ್ನಾ, ನಗದೆ.
ಹಿಂದಿನ ಸಾಲಿನ ನರ್ಸ್ ಫಿಲಿಪಾ ಪಿಸುಗುಟ್ಟಿದಳು:
ಹಸಿವು, ನಡೀರಿ ಪೆಕ್ಟೋಪಾಗೆ.

ಆಮೇಲೆ ಆ ಇನ್ನೊಂದು,
ಪುಟ್ಟ ಹೊಟ್ಟೆ ಮುಂದಿಟ್ಟು ನಿಂತದ್ದು.
ಸ್ವಂತ ಸದ್ದೇ ಇಲ್ಲ ಅದಕ್ಕೆ.
ಹಿಂದಿನ ಅಕ್ಷರದ ಕಿವಿಯಲ್ಲಿ
ಮೆತ್ತಗೆ, ಮೆತ್ತಗೆ ಅನ್ನುವುದಷ್ಟೇ ಕೆಲಸ.
'ನಮ್ಮ ಹಡಗಲ್ಲೂ ಇದ್ದ ಇಂಥವನೊಬ್ಬ,' ಅಂದ ಕ್ಲಿಫ್,
'ಬಲೆ ಮುಟ್ಟದೆ ಪಾಲು ಕೇಳುವವನು.'

ನಾಲ್ಕನೇ ವಾರ ನಾಮಪದಗಳಿಗೆ ಬಾಲ ಮೂಡಿತು.
ಮೇಜಿಗೆ, ಮೇಜಿನಿಂದ, ಮೇಜಿನ ಮೇಲೆ,
ಮೇಜು ಮಾತ್ರ ಎಲ್ಲೂ ಸುಮ್ಮನೆ ನಿಲ್ಲದು.
ವಿಭಕ್ತಿಗಳನ್ನು ಬಾಯಿಪಾಠ ಒಪ್ಪಿಸಿ ಬೆಳೆದ ನಾವು
ಇಲ್ಲಿ ಕೊಂಚ ಮೀಸೆ ತಿರುವಬಹುದು.
ನನಗೆ ಚಳಿ ಎನ್ನುವುದೂ ಅವರಲ್ಲಿ ನಮ್ಮಂತೆಯೇ.
ಇಂಗ್ಲಿಷಿನವರು ತಾವೇ ಚಳಿಯಾಗಿ ಬದುಕಿದವರು;
ತಾನು ಬೇರೆ, ತನ್ನ ಬಳಿ ಬಂದ ಚಳಿ ಬೇರೆ
ಎಂದು ಒಪ್ಪಲು ಅವನಿಗೆ ತಿಂಗಳು ಹಿಡಿಯಿತು.

ಕ್ರಿಸ್‌ಮಸ್‌ಗೆ ಫಿಲಿಪಾ ಬಿಟ್ಟಳು.
ಬ್ಯಾಂಕಿನ ಹುಡುಗ ಅದಕ್ಕೂ ಮುಂಚೆ.

ಹೋಗುವುದೊಂದಕ್ಕೇ ಎಷ್ಟು ಕ್ರಿಯಾಪದ!
ನಡೆದೋ, ಗಾಡಿಯಲ್ಲೋ,
ದಿನಾ ಹೋಗುವುದೋ, ಈಗಷ್ಟೇ ಹೊರಟದ್ದೋ,
ಹೋಗಿ ಬಂದದ್ದೋ,
ಹೋದವರು ಹೋಗಿಯೇಬಿಟ್ಟದ್ದೋ.
ಪುಟದ ತುಂಬ ಕೆಂಪು ಶಾಯಿ.
ಕ್ಲಿಫ್ ಕೈ ಎತ್ತಿದ.
'ಎಪ್ಪತ್ತಮೂರರಲ್ಲಿ ಬ್ಯಾರೆಂಟ್ಸ್ ಸಮುದ್ರಕ್ಕೆ
ಹದಿನೆಂಟು ಜನ ಹೋದೆವು.
ನನಗೆ ಯಾವ ಕ್ರಿಯಾಪದ? ಅವರಿಗೆ ಯಾವುದು?'
ರಾಯಿಸಾ ಲ್ವೋವ್ನಾ ಎರಡನ್ನೂ ಬರೆದರು,
ಒಂದರ ಕೆಳಗೊಂದು.
ಓದಿಸಲಿಲ್ಲ.

ಅವನು ಇಲ್ಲಿಗೆ ಬಂದದ್ದು ಒಂದು ಹೆಸರಿಗಾಗಿ.
ಮಂಜುಗಡ್ಡೆಯ ಭಾರಕ್ಕೆ ಹಡಗು ಮಗುಚಿದ ರಾತ್ರಿ
ಸೋವಿಯತ್ ದೋಣಿಯೊಂದರಿಂದ ಬಾಗಿದವನೊಬ್ಬ
ಹಗ್ಗ ಎಸೆದು, ಮುಷ್ಟಿಯನ್ನು ಎದೆಗೆ ಒತ್ತಿ ತೋರಿಸಿ
ದೆರ್ಜೀಸ್, ದೆರ್ಜೀಸ್ ಎಂದು ಕೂಗುತ್ತಲೇ ಇದ್ದ.
ಆ ಹೊತ್ತಿನಲ್ಲೂ ಪರಿಚಯ ಹೇಳಿಕೊಳ್ಳುವ ಸಭ್ಯ,
ಎಂದುಕೊಂಡ ನೀರಿನಲ್ಲಿದ್ದ ಹುಡುಗ.

ಐವತ್ತು ವರ್ಷ ಹೊಸವರ್ಷದ ಮೊದಲ ಗುಟುಕು
ದೆರ್ಜೀಸನಿಗೆ.
ಮಗನ ಜನನಪತ್ರದಲ್ಲೂ ಅದೇ:
ಆಲನ್ ದೆರ್ಜೀಸ್ ಗಾರ್ಬಟ್.
ಶಾಲೆಯಲ್ಲಿ ಅವನು ತಿಂದ ಏಟಿಗೆ ಲೆಕ್ಕವಿಲ್ಲ.
ಈಗ ಮುರ್ಮಾನ್ಸ್ಕ್‌ಗೊಂದು ಪತ್ರ ಬರೆಯಬೇಕು,
ಅವರದೇ ಭಾಷೆಯಲ್ಲಿ, ಇಬ್ಬರೂ ಇರುವಾಗಲೇ.

ಹದಿನೇಳನೇ ವಾರ, ಆಜ್ಞೆ ಕೊಡುವ ಪಾಠ.
ಕೂರು. ಬರೆ. ಬಾಗಿಲು ತೆರೆ.
ಮುಂದಿನ ಪದವನ್ನು ಬರೆಯುತ್ತ ಬರೆಯುತ್ತಲೇ
ರಾಯಿಸಾ ಲ್ವೋವ್ನಾ ಓದಿದರು.
ಪೆನ್ನು ನಿಂತಿತು.
'ಅದು ಮನುಷ್ಯನಲ್ಲವೇ?'
'ಅಲ್ಲ. ಗಟ್ಟಿಯಾಗಿ ಹಿಡಿದುಕೋ ಅಂತ.
ಬಿಡಬೇಡ ಅಂತ.'

ಹೀಟರಿನ ಕೊಳವೆ ಟಣ್ ಅಂದಿತು.
ಅವನು ಬೆರಳು ಮಡಿಚಿ ಎಣಿಸಿದ, ಏಳು ಅಕ್ಷರ,
ತುದಿಯಲ್ಲಿ ಅದೇ ಸೋಮಾರಿ.
ಬಿಟ್ಟು ಹೇಳಿ ನೋಡಿದ: ಒರಟು.
ಸೇರಿಸಿ ಹೇಳಿದ, ನಾಲಿಗೆ ಮೇಲೆತ್ತಿ, ಮೆತ್ತಗೆ.
ಹೌದು, ಹೀಗೇ ಕೇಳಿಸಿದ್ದು,
ಹಗ್ಗ ಕೈ ಜಾರದಂತೆ ಕೊನೆಗೆ ಹಾಕಿದ ಗಂಟಿನ ಹಾಗೆ.

ಹಾಗಾದರೆ ಅವನ ಹೆಸರು?
ಯಾವ ವಿಭಕ್ತಿಯಲ್ಲೂ ಇಲ್ಲ.

ಕೆಳಗೆ ಬಸ್ ನಿಲ್ದಾಣದಲ್ಲಿ ನಿಂತು
ಮಗನಿಗೆ ಫೋನು ಹಚ್ಚಿದ.
ಲೋ, ನಿನ್ನ ಹೆಸರು ಹೆಸರಲ್ಲವಂತೆ, ಕ್ರಿಯಾಪದವಂತೆ,
ಎಂದು ಶುರು ಮಾಡಿ,
ಮುಂದೆ ಇಂಗ್ಲಿಷೇ ಸಿಗದೆ
ತಡವರಿಸಿದ.