ತಂದವರಿಗೆ ಒಂದು ಗಂಟೆ

ಮದುವೆ ಕಾಗದ, ಬಿಲ್‌ಬುಕ್ಕು, ತಿಥಿ ಕಾರ್ಡು ಅಚ್ಚು ಹಾಕುವವನು ನಾನು,
ಶಿವಮೊಗ್ಗದ ಗಾಂಧಿ ಬಜಾರಿನ ಹಿಂದೆ, ಚರಂಡಿ ದಾಟಿ ಎರಡನೇ ಬಾಗಿಲು.
ನೋಟು ಅಚ್ಚು ಹಾಕಿದ್ದು ಅದೇ ಮೊದಲು.

ಬಂದವರು ಆರು ಜನ.
ಫ್ಲೆಕ್ಸು ಬಂದ ಮೇಲೆ ಕುಂಚ ತೊಳೆದಿಟ್ಟ ಬೋರ್ಡು ತಿಪ್ಪೇಶಿ,
ಕಾಲೇಜು ಬಿಟ್ಟ ಇಬ್ಬರು ಹುಡುಗರು,
ಬುರ್ಖಾದ ತೋಳಿಗೆ ಬಣ್ಣ ಮೆತ್ತಿಕೊಂಡ ಫೈರೋಜಾ,
ಯಾರದೋ ತಂಗಿ,
ಸಾಗರದ ಕಡೆಯ ಬಂಗಾರಮ್ಮ:
ಗೋಡೆಗೆ ಚಿತ್ತಾರ ಬರೆದ ಕೈ, ಈಗ ನಾಲ್ಕು ಮನೆಯ ಪಾತ್ರೆಗೆ.
ಕಲಾಸಂಘ ಅಂದರು. ರಸೀದಿ ಪುಸ್ತಕವಿಲ್ಲದ ಸಂಘ
ನಾನು ಕಂಡಿರಲಿಲ್ಲ.

ಅಂಚಿಗೆ ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಎಳೆ,
ಪುಂಡಿನಾರಿನಲ್ಲಿ ಅವಳೇ ಎಳೆದದ್ದು.
ನಡುವೆ ತಲೆಯಿಲ್ಲ, ಸಿಂಹವಿಲ್ಲ, ಸೊನ್ನೆಗಳಿಲ್ಲ.
ಬರೀ ಒಂದು ಸಾಲು:
ಇದನ್ನು ತಂದವರಿಗೆ ನನ್ನ ಒಂದು ಗಂಟೆ ಕೊಡುತ್ತೇನೆ.
ಕೆಳಗೆ, ಗವರ್ನರ್ ಸಹಿ ಇರಬೇಕಾದಲ್ಲಿ,
ಹೆಬ್ಬೆಟ್ಟಿಗೆ ಖಾಲಿ ಜಾಗ.

ಹಿಂಬದಿಗೆ: ಮೂರು ತಿಂಗಳಲ್ಲಿ ಖರ್ಚು ಮಾಡಿ.
"ಯಾಕೆ ಮಾರಾಯ್ತಿ?"
"ದೋಸೆ ಹಿಟ್ಟು ಎಷ್ಟು ದಿನ ಇಡ್ತೀರಿ?
ಕೂಡಿಟ್ರೆ ಹುಳಿ ಬರ್ಬೇಕು. ದುಡ್ಡಿಗೆ ಆ ಗುಣ ಇಲ್ಲ ನೋಡಿ."

ಗಂಟೆ ಕೊಟ್ಟು ರವಿಕೆ ಹೊಲಿಸಿದರು, ಮಗ್ಗಿ ಕಲಿಸಿದರು,
ಆಸ್ಪತ್ರೆಯಲ್ಲಿ ಯಾರದೋ ಅಜ್ಜನ ಪಕ್ಕ ರಾತ್ರಿ ಕೂತರು.
ಪೇದೆ ಬಂದು ಬೆಳಕಿಗೆ ಹಿಡಿದು ನೋಡಿದ;
ಖೋಟಾನೋಟಿನ ಕೇಸು ಬರೆಯಲು
ಅಸಲಿಯೇ ಸಿಗಲಿಲ್ಲ.
ವಕೀಲರೊಬ್ಬರು ನನ್ನ ಮೆಟ್ಟಿಲಲ್ಲೇ ನಿಂತು ಸಿಡುಕಿದರು:
"ನನ್ನ ಗಂಟೆಯೂ ಇವಳ ಗಂಟೆಯೂ ಒಂದೇನಾ?"
"ನಿಮ್ಮನೇಲಿ ಗಂಟೆಗೆ ಎಷ್ಟು ನಿಮಿಷ, ಸ್ವಾಮಿ?"

ನನ್ನ ಕೂಲಿಯೂ ಅದೇ ನೋಟು, ಹನ್ನೆರಡು.
ಶಾಯಿ ಅಂಗಡಿಯವನು ಒಂದನ್ನೂ ಮುಟ್ಟಲಿಲ್ಲ, ಅದನ್ನೂ ಹೇಳಬೇಕು.
ಹೇಗೋ ಹನ್ನೊಂದು ಮುಗಿದವು.
ಉಳಿದದ್ದು ಬಂಗಾರಮ್ಮನ ಹೆಬ್ಬೆಟ್ಟಿನದು,
ಗಲ್ಲಾದಲ್ಲಿ, ಲಕ್ಷ್ಮಿ ಪಟದ ಕೆಳಗೆ.
ಚೆಂದ ಇತ್ತು, ಇಟ್ಟುಕೊಂಡೆ.
ನಾಳೆ ರೇಟು ಬಂದೀತು ಎಂದೂ ಅನಿಸಿತ್ತು, ಸುಳ್ಳೇಕೆ.

ತೊಂಬತ್ತನೇ ದಿನ ಅವಳೇ ಬಂದಳು.
"ನನ್ನನ್ನ ಯಾಕೆ ಖರ್ಚು ಮಾಡ್ಲಿಲ್ಲ?"
ಅಂಗಡಿ ಗುಡಿಸು ಅನ್ನಲು ಬಾಯಿ ಬರಲಿಲ್ಲ.
"ಕೂತ್ಕೊಳ್ಳಿ. ಒಂದು ಗಂಟೆ. ಏನೂ ಮಾಡ್ಬೇಡಿ."
ಬಹುವಚನ ಯಾವಾಗ ಬಂತೋ ನಾಲಿಗೆಗೆ.

ಕಾಗದದ ಬಂಡಲಿನ ಮೇಲೆ ಕೂತರು.
ಕೈ ಎಲ್ಲಿಡುವುದೆಂದು ತಿಳಿಯದೆ
ಮೊದಲು ಸೆರಗಿನೊಳಗೆ, ಆಮೇಲೆ ಮಡಿಲಲ್ಲಿ,
ಕೊನೆಗೆ ಅಂಗಾತ, ಬಿಸಿಲು ಬಿದ್ದಲ್ಲಿ.
ಸೋಪಿಗೆ ಸವೆದ ಆ ಬೆರಳ ಗುರುತು
ನೋಟಿನಲ್ಲಿ ಯಾಕೆ ಅಷ್ಟು ಮಸುಕಾಗಿತ್ತೆಂದು
ಅವತ್ತು ತಿಳಿಯಿತು.
ನಾನು ಮಷೀನು ನಿಲ್ಲಿಸಿದೆ.

ಐವತ್ತನೇ ನಿಮಿಷಕ್ಕೆ ಯಾವುದೋ ಮನೆಯಿಂದ ಫೋನು.
ಎದ್ದರು. ನೋಟು ಹರಿಯಲು ಹೋದವರು ತಡೆದು
ನನ್ನ ಕೈಗೇ ಇಟ್ಟರು:
"ಹತ್ತು ನಿಮಿಷ ಬಾಕಿ.
ಹುಳಿ ಬರೋದ್ರೊಳಗೆ ಬರ್ತೀನಿ."